ಮೊಸಾಯಿಕ್ ಚಿತ್ರಗಳೂ ಬೆಳಕಿನ ಪಾಠವೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಮೊಸಾಯಿಕ್ ಎಂದೊಡನೆ ಜನರ ಮನಸ್ಸಿಗೆ ಬರುವುದು ಮನೆಯ ನೆಲ. ಅಮೃತಶಿಲೆಯ ಚೂರುಗಳನ್ನು ಸಿಮೆಂಟಿನೊಡನೆ ಕಲಸಿ ಹಾಸಿ, ಯಂತ್ರದಿಂದ ಉಜ್ಜಿ, ಕಾಲು ಜಾರುವಷ್ಟು ನುಣುಪು ಮಾಡಿದರೆ ಅದು ಒಳ್ಳೆಯ ಮೊಸಾಯಿಕ್. ಇದೇ ಹೆಸರಿನ ಇನ್ನೊಂದು ಕಲೆ ಬೈಜಾಂಟಿಯಮ್ ಸಾಮ್ರಾಜ್ಯದ ಕ್ರೈಸ್ತ ದೇವಾಲಯಗಳಲ್ಲಿ ಬೆಳೆಯಿತು. ಅಲ್ಲಿನ ಕುಶಲಕರ್ಮಿಗಳು ಮೇಲ್ಮೈಯನ್ನು ಬೇಕೆಂದೇ ಒರಟಾಗಿ ಬಿಟ್ಟರು. ಇದರ ಕಾರಣವನ್ನು ಹುಡುಕುವುದು ಚರಿತ್ರೆಯ ವಿದ್ಯಾರ್ಥಿಗಳ ಕೆಲಸವೆಂದು ನಮ್ಮ ವಿಜ್ಞಾನದ ವಿದ್ಯಾರ್ಥಿಗಳು ಸುಮ್ಮನಿರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಇಟಲಿಯ ರವೆನ್ನಾ ನಗರದ ಸಾನ್ ವಿಟಾಲೆ ದೇವಾಲಯವು ಕ್ರಿ.ಶ. 547ರಲ್ಲಿ ಪ್ರತಿಷ್ಠಿತವಾಯಿತು. ಅದರ ಗೋಡೆಗಳಲ್ಲಿ ಚಕ್ರವರ್ತಿ ಜಸ್ಟಿನಿಯನ್ನನೂ ರಾಣಿ ಥಿಯೊಡೋರಾಳೂ ಪರಿವಾರಸಮೇತ ನಿಂತಿದ್ದಾರೆ. ಹಿನ್ನೆಲೆಯೆಲ್ಲ ಚಿನ್ನ. ಎಷ್ಟು ಚಿನ್ನ ಸುರಿದರಪ್ಪಾ ಎಂದು ಬೆರಗಾಗುವವರುಂಟು. ಆದರೆ ಪ್ರತಿ ತುಣುಕಿನಲ್ಲಿರುವುದು ಉಸಿರು ತಾಗಿದರೆ ಹಾರುವಂಥ ರೇಕು ಮಾತ್ರ. ಕೆಳಗೆ ದಪ್ಪ ಗಾಜು, ಮೇಲೆ ತೆಳು ಗಾಜು, ನಡುವೆ ಈ ರೇಕು. ಮೂರನ್ನೂ ಕಾಯಿಸಿ ಬೆಸೆದದ್ದು. ಅಂದರೆ ಒಂದೊಂದೂ ಪುಟ್ಟ ಕನ್ನಡಿ. ಹಸಿಗಾರೆಯೊಳಕ್ಕೆ ಇದನ್ನು ಒತ್ತುವಾಗ ಕೆಲಸಗಾರನು ತುಸು ಓರೆಮಾಡಿ ಒತ್ತುತ್ತಿದ್ದನು.

ಕನ್ನಡಿ ತಿರುಗಿದರೆ ಪ್ರತಿಫಲಿತ ಕಿರಣವು ಅದರ ಎರಡರಷ್ಟು ಕೋನ ತಿರುಗುವುದೆಂದು ಪಿ.ಯು.ಸಿ. ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ತುಣುಕು 5 ಡಿಗ್ರಿ ಓರೆಯಾದರೆ ಕಿರಣ 10 ಡಿಗ್ರಿ ಓರೆ. ಗೋಡೆಯೆಲ್ಲ ಒಂದೇ ಸಮತಲವಾಗಿದ್ದರೆ ದೀಪದ ಹೊಳಪು ಒಂದೇ ಕಡೆ ಕಣ್ಣು ಕುಕ್ಕಿ, ಉಳಿದ ಚಿನ್ನವೆಲ್ಲ ಮಂಕಾಗಿ ಕಾಣುತ್ತಿತ್ತು. ತುಣುಕುಗಳ ಓರೆ ಬೇರೆಬೇರೆಯಾದ್ದರಿಂದ ಎಲ್ಲಿ ನಿಂತರೂ ಕೆಲವು ನಮ್ಮ ಕಣ್ಣಿಗೆ ಬೆಳಕು ಕಳುಹಿಸುತ್ತವೆ. ಒಂದು ಹೆಜ್ಜೆ ಇಟ್ಟರೆ ಅವು ಆರಿ ಇನ್ನು ಕೆಲವು ಬೆಳಗುತ್ತವೆ. ದೀಪದ ಕುಡಿ ಅಲುಗಿದರೂ ಸಾಕು. ಛಾಯಾಚಿತ್ರದಲ್ಲಿ ಇವು ಸಪ್ಪೆಯಾಗುವುದು ಇದಕ್ಕೇ.

ಕಣ್ಣಿನ ಶಕ್ತಿಯ ಲೆಕ್ಕವೂ ಸ್ವಾರಸ್ಯವಾದುದು. ಒಂದು ಮಿನಿಟ್ ಕೋನಕ್ಕಿಂತ ಕಿರಿದಾದುದನ್ನು ನಮ್ಮ ಕಣ್ಣು ಬಿಡಿಸಿ ನೋಡಲಾರದು. ಹಾಗಾದರೆ ಒಂದು ಸೆಂಟಿಮೀಟರ್ ಅಗಲದ ತುಣುಕುಗಳು ಸುಮಾರು 34 ಮೀಟರ್ ದೂರದಲ್ಲಿ ಒಂದರೊಳಗೊಂದು ಬೆರೆಯತಕ್ಕದ್ದು.

ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್ ಅರಮನೆಯುಂಟು. ಅದರ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬರೆಸಬೇಕಾಯಿತು. ಬಣ್ಣವು ಗೋಡೆಯ ಮೇಲಿನ ಪೊರೆ. ಬಿಸಿಲು, ತೇವಗಳು ಅದನ್ನು ತಿನ್ನುತ್ತವೆ. ಮೊಸಾಯಿಕ್ ಗಾಜಿನ ನೀಲಿಯಾದರೋ ಗಾಜಿನೊಳಗೇ ಬೆರೆತ ಕೋಬಾಲ್ಟಿನದು, ಹಸಿರು ತಾಮ್ರದ್ದು. ಹದಿನೈದು ಶತಮಾನ ಕಳೆದರೂ ಅದು ಮಾಸಿಲ್ಲ. ಅದಕ್ಕಿರುವ ಅಪಾಯ ಬೇರೆ. ಗಾರೆ ಸಡಿಲಿ ತುಣುಕು ಉದುರಿದಾಗ ಜೀರ್ಣೋದ್ಧಾರ ಮಾಡುವವನು ಅಂದವಾಗಿರಲೆಂದು ಸಮತಟ್ಟಾಗಿ ಕೂಡಿಸಿದರೆ, ಚಿತ್ರ ಉಳಿದೀತು, ಮಿನುಗು ಸತ್ತೀತು. ನುಣುಪೇ ಚೆಲುವೆಂದು ನಂಬಿದ ನಾವೂ ಅದೇ ತಪ್ಪು ಮಾಡುವವರೇ.

ಗುಂಡುಸೂಜಿ ನೆಟ್ಟು ಕೋನ ಅಳೆಯುವ ಪ್ರಯೋಗದ ಜೊತೆಗೆ ಕಾಲೇಜುಗಳಲ್ಲಿ ಇದನ್ನೂ ಮಾಡಿಸಬೇಕು. ಎರಡು ಹಲಗೆಗಳಿಗೆ ಜೇಡಿಮಣ್ಣು ಮೆತ್ತಿ, ಒಡೆದ ಕನ್ನಡಿಯ ಚೂರುಗಳನ್ನು ಒಂದರಲ್ಲಿ ಸಮವಾಗಿ, ಇನ್ನೊಂದರಲ್ಲಿ ಓರೆಕೋರೆಯಾಗಿ ಕೂಡಿಸಿರಿ, ಕೈ ಜೋಪಾನ. ಕೋಣೆಯನ್ನು ಕತ್ತಲೆ ಮಾಡಿ ಒಂದು ಎಣ್ಣೆದೀಪ ಹಚ್ಚಿ, ಎರಡರ ಮುಂದೆಯೂ ನಿಧಾನವಾಗಿ ನಡೆದುಹೋಗಿರಿ.