ಸಾಲಿ ಸೂಟಿ ಬಂತು. ಸಂಜೀ ಬಸ್ಸು ಎಲ್ಲಿ?

ದಸರಾ ಸೂಟಿ ಬಿಟ್ಟ ಮರುದಿನ ಕೊಪ್ಪಳದ ಜವಾಹರ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಅರ್ಧಕ್ಕರ್ಧ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಸಣ್ಣ ತಲೆ ಕಾಣುತ್ತದೆ. ಒಬ್ಬ ಹುಡುಗ ಸಕ್ಕರೆ ತೂಗುತ್ತಿರುತ್ತಾನೆ, ಇನ್ನೊಬ್ಬ ಬಟ್ಟೆಯ ಥಾನು ಸುತ್ತುತ್ತಿರುತ್ತಾನೆ, ಮತ್ತೊಬ್ಬ ಮೊಬೈಲಿನಲ್ಲಿ ಮುಖ ಹುದುಗಿಸಿರುತ್ತಾನೆ. ಅಪ್ಪನನ್ನು ಕೇಳಿದರೆ ಉತ್ತರ ಸಿದ್ಧ: "ಸೂಟಿ ಐತಲ್ರೀ, ಮನ್ಯಾಗ ಕುಂತು ಏನ್ ಮಾಡ್ತಾನ? ಇಲ್ಲರೆ ಕುಂದ್ರಲಿ." ಗಂಗಾವತಿಯ ಗಾಂಧಿ ಚೌಕದಲ್ಲಿ ಇದೇ ಮಾತು, ಕುಷ್ಟಗಿಯ ಬಸ್ ಸ್ಟ್ಯಾಂಡಿನ ಎದುರು ಇದೇ ಮಾತು, ಯಲಬುರ್ಗಾದ ಸಂತೆಯಲ್ಲೂ ಇದೇ ಮಾತು.

ಅಪ್ಪನಿಗೆ ಮಗ ಕೈಗೂಡಿದರೆ ತಪ್ಪೇನಿಲ್ಲ. ಆದರೆ ಸೂಟಿ ಮುಗಿದು ಸಾಲಿ ಬಾಗಿಲು ತೆರೆದಾಗ ಮಾಸ್ತರರು "ನಾನು ರಜೆ ಕಳೆದ ಬಗೆ" ಎಂದು ನಿಬಂಧ ಕೊಡುತ್ತಾರೆ. ಆಗ ಈ ಹುಡುಗ ಏನು ಬರೆಯಬೇಕು? ಟಿವಿಯಲ್ಲಿ ಕಂಡ ಮೈಸೂರು ಆನೆಯನ್ನೇ ತಾನು ಕಣ್ಣಾರೆ ಕಂಡೆನೆಂದು ಬರೆಯುತ್ತಾನೆ. ಇಪ್ಪತ್ತೇ ಕಿಲೋಮೀಟರಿನಲ್ಲಿ ಇರುವ ಇಟಗಿಯನ್ನು ಅವನು ನೋಡಿಲ್ಲ. ಅವನ ಅಪ್ಪನೂ ನೋಡಿಲ್ಲ. ಇದು ಯಾರ ತಪ್ಪು? ಅಪ್ಪನ ಸೋಮಾರಿತನವೇ? ರೊಕ್ಕದ ಅಭಾವವೇ? ಈ ಎರಡೂ ಪೂರ್ತಿ ನಿಜವಲ್ಲ ಎಂಬುದು ನಮ್ಮ ಅನುಭವಕ್ಕೆ ಬಂದಿದೆ. ಅದನ್ನೇ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ಒಂದು ವಾರ, ಒಂದು ಬುತ್ತಿ

ಈ ಸಲ ನಮ್ಮ ಮನೆಯಲ್ಲಿ ಒಂದು ಕರಾರು ಆಯಿತು. ಏಳು ದಿನ ಮಕ್ಕಳನ್ನು ತಿರುಗಾಡಿಸಬೇಕು. ಆದರೆ ಬಾಡಿಗೆ ಕಾರು ಇಲ್ಲ, ಲಾಡ್ಜ್ ಇಲ್ಲ. ಬೆಳಗ್ಗೆ ಹೋಗಿ ರಾತ್ರಿ ಮನೆಗೇ ಬಂದು ಮಲಗಬೇಕು. ಜಿಲ್ಲೆಯ ಗಡಿ ದಾಟಬಾರದು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ ಮನೆಯದೇ. ಗಂಡ, ಹೆಂಡತಿ, ಹತ್ತು ವರ್ಷದ ಮಗ, ಎಂಟು ವರ್ಷದ ಮಗಳು. ಒಟ್ಟು ನಾಲ್ಕು ಜನ.

ಮೊದಲ ದಿನ ಬಸ್ಸೇ ಹತ್ತಲಿಲ್ಲ. ಗವಿಮಠದ ಗುಡ್ಡ ಹತ್ತಿದೆವು. ಜನವರಿಯ ಜಾತ್ರೆಗೆ ಲಕ್ಷ ಲಕ್ಷ ಜನ ಬರುವ ಜಾಗವಿದು. ಮೇಲಿನ ಬಂಡೆಯಲ್ಲಿ ಅಶೋಕನ ಶಾಸನವಿದೆ ಎಂದು ಎಷ್ಟು ಜನರಿಗೆ ಗೊತ್ತು? ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಇದೂ, ಪಾಲ್ಕಿಗುಂಡಿನ ಮೇಲಿರುವ ಇನ್ನೊಂದೂ 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡನ್ನು ದೂರದಿಂದ ಕಂಡ ಮಗಳು, "ಕಲ್ಲಿನ ಮ್ಯಾಲ ಕಲ್ಲು ಯಾರು ಇಟ್ರು?" ಎಂದು ಕೇಳಿದಳು. ಉತ್ತರ ಹೇಳಲು ನಮಗೆ ಬರಲಿಲ್ಲ. ಮಕ್ಕಳಿಗೆ ಉತ್ತರಕ್ಕಿಂತ ಪ್ರಶ್ನೆ ಹುಟ್ಟಿದ್ದೇ ಲಾಭ.

ಎರಡನೇ ದಿನ ಕಿನ್ನಾಳ. ಹಗುರ ಕಟ್ಟಿಗೆ, ಹುಣಸೆ ಬೀಜದ ಅಂಟು, ಮೇಲೆ ಬಣ್ಣ; ನೋಡನೋಡುತ್ತ ಗಿಳಿ, ಆನೆ, ದೇವರು ಎದ್ದು ಬರುತ್ತವೆ. ಚಿತ್ರಗಾರ ಮನೆತನಗಳ ಈ ಕಸಬಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಮಗ ಒಂದು ಗಂಟೆ ಕಣ್ಣು ಮಿಟುಕಿಸದೆ ಕೂತ. ಮೊಬೈಲ್ ಕೇಳಲಿಲ್ಲ.

ಮೂರನೇ ದಿನ ಇಟಗಿ ಮತ್ತು ಕುಕನೂರು. ಎರಡರ ನಡುವೆ ಏಳೆಂಟು ಕಿಲೋಮೀಟರು. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. "ದೇವಾಲಯ ಚಕ್ರವರ್ತಿ" ಎಂಬ ಬಿರುದನ್ನು ಅಲ್ಲಿಯ ಶಾಸನವೇ ಈ ಗುಡಿಗೆ ಕೊಟ್ಟಿದೆ. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂದು ತೋರಿಸಿದವನು ನಮ್ಮ ಮಗನೇ. ಕುಕನೂರಿನ ನವಲಿಂಗ ಗುಡಿ ಅದಕ್ಕಿಂತ ಎರಡು ಶತಮಾನಕ್ಕೂ ಹಳೆಯದು, ರಾಷ್ಟ್ರಕೂಟರ ಕಾಲದ್ದು.

ನಾಲ್ಕನೇ ದಿನ ಮನೆಯೊಡತಿ ಕೈ ಮುಗಿದು, "ಇವತ್ತು ಅರಿವಿ ಒಗೀಬೇಕು" ಎಂದಳು. ಸೂಟಿ ಅಂದರೆ ತಾಯಿಗೂ ಸೂಟಿ ಇರಬೇಕಲ್ಲ, ಎಲ್ಲರೂ ಸೇರಿ ಒಗೆದೆವು.

ಐದನೇ ದಿನ ಮುನಿರಾಬಾದು, ಹುಲಿಗಿ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳನ್ನು ಮಕ್ಕಳು ಬೆರಳಿನಲ್ಲಿ ಎಣಿಸಿದರು. 19ನೆಯದರ ಕಥೆ ಹೇಳಿದೆವು: 2024ರ ಆಗಸ್ಟ್ 10ರ ರಾತ್ರಿ ಚೈನು ಹರಿದು ಗೇಟು ಕೊಚ್ಚಿಹೋದದ್ದು, ಹರಿಯುವ ನೀರಿನಲ್ಲೇ ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದ್ದು. ಗಂಗಾವತಿಯ ಭತ್ತ, ನಮ್ಮ ತಾಟಿನ ಅನ್ನ ಈ ನೀರಿನದೇ ಎಂದು ಆ ಹೊತ್ತು ಅವರಿಗೆ ಬೇರೆ ಪಾಠ ಬೇಕಾಗಲಿಲ್ಲ.

ಆರನೇ ದಿನ ಆನೆಗೊಂದಿ. ಅಂಜನಾದ್ರಿಯ ಮೆಟ್ಟಿಲು 575. ಮಗನ ಲೆಕ್ಕಕ್ಕೆ 560, ಮಗಳ ಲೆಕ್ಕಕ್ಕೆ 581. ಜಗಳ ಇನ್ನೂ ಮುಗಿದಿಲ್ಲ. ಏಳನೇ ದಿನ ಕನಕಗಿರಿ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ನಮ್ಮ ಹಿರಿಯರದು. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಹೊತ್ತು ಸಾಲಲಿಲ್ಲ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಆ ಕಲ್ಲಿನ ಮನೆಗಳನ್ನು ಮುಂದಿನ ಸೂಟಿಗೆ ಇಟ್ಟಿದ್ದೇವೆ.

ಒಂದೂವರೆ ಟಿಕೀಟು

ಈಗ ವ್ಯಾಪಾರಸ್ಥರಿಗೆ ತಿಳಿಯುವ ಲೆಕ್ಕಕ್ಕೆ ಬರೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ತಾಯಿಗೆ ಶೂನ್ಯ, ಮಗಳಿಗೆ ಶೂನ್ಯ, ಹತ್ತು ವರ್ಷದ ಮಗನಿಗೆ ಅರ್ಧ, ಅಪ್ಪನಿಗೆ ಪೂರ್ತಿ. ನಾಲ್ಕು ಜನದ ಸಂಸಾರಕ್ಕೆ ಒಂದೂವರೆ ಟಿಕೀಟು! 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿದ್ದು ನಿಜ. ಆದರೂ ಒಂದೂವರೆ ಒಂದೂವರೆಯೇ. ಬುತ್ತಿ ಮನೆಯದಾದರೆ ಉಳಿಯುವ ಖರ್ಚು ಚಹಾ, ಮಿರ್ಚಿ, ಒಂದು ಕಿನ್ನಾಳ ಗೊಂಬೆ.

ಕುಷ್ಟಗಿ, ಯಲಬುರ್ಗಾದ ಮಕ್ಕಳಿಗಂತೂ 2025ರ ಮೇ ತಿಂಗಳಿನಿಂದ ರೈಲೇ ಮನೆಬಾಗಿಲಿಗೆ ಬಂದಿದೆ. ಗದಗ-ವಾಡಿ ಮಾರ್ಗದ ತಳಕಲ್-ಕುಷ್ಟಗಿ ತುಂಡು ತೆರೆದ ಮೇಲೆ ಹುಬ್ಬಳ್ಳಿಯ ರೈಲು ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಗೆ ಬರುತ್ತಿದೆ. ಗಂಗಾವತಿ 2019ರಲ್ಲೇ ರೈಲು ಕಂಡಿತು. ಅಂದಮೇಲೆ ರೊಕ್ಕವಿಲ್ಲ ಎಂಬ ನೆಪ ಅರ್ಧ ಬಿದ್ದುಹೋಯಿತು. ಉಳಿದ ಅರ್ಧ ಏನು?

ಹೋಗಲು ಉಂಟು, ಬರಲು ಇಲ್ಲ

ಆ ವಾರದ ಒಂದು ಸಂಜೆ. ಊರ ಹೆಸರು ಬೇಡ, ಬಸ್ಸು ಯಾವುದೆಂಬುದೂ ಬೇಡ. ಒಬ್ಬರ ಮೇಲೆ ಹೊರೆ ಹೊರಿಸುವುದು ನಮ್ಮ ಉದ್ದೇಶವಲ್ಲ. ಐದೂವರೆಗೆ ಬಸ್ಸು ಎಂದು ಬೆಳಗ್ಗೆ ಕೇಳಿಕೊಂಡೇ ಇಳಿದಿದ್ದೆವು. ಐದೂವರೆ ಆಯಿತು, ಆರೂವರೆ ಆಯಿತು. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು, "ಸೂಟ್ಯಾಗ ಅದು ಬರಂಗಿಲ್ಲ ತಮ್ಮಾ. ಸಾಲಿ ಹುಡುಗರ ಸಲುವಾಗಿ ಬರ್ತಿತ್ತು" ಎಂದರು. ನೋಡಿ ಹೇಗಿದೆ! ಸಾಲಿ ಇದ್ದಾಗ ಮಕ್ಕಳಿಗೆ ಬಸ್ಸುಂಟು, ತಿರುಗಾಡಲು ಪುರುಸೊತ್ತಿಲ್ಲ. ಸೂಟಿ ಬಿಟ್ಟಾಗ ಪುರುಸೊತ್ತುಂಟು, ಬಸ್ಸಿಲ್ಲ.

ಟಂಟಂ ಒಂದು ಬಂತು. ಅದರಲ್ಲಿ ಆಗಲೇ ಹದಿನಾಲ್ಕು ಜನ. ಮಗಳು ಗುಡಿಯ ಕಟ್ಟೆಯ ಮೇಲೆ ತಾಯಿಯ ತೊಡೆಗೆ ತಲೆಕೊಟ್ಟು ನಿದ್ದೆ ಹೋದಳು. ಎಂಟರ ಹೊತ್ತಿಗೆ ಹಾಲಿನ ಗಾಡಿಯವರೊಬ್ಬರು ಕ್ಯಾನುಗಳ ನಡುವೆ ಜಾಗ ಮಾಡಿ ದೊಡ್ಡ ರಸ್ತೆಯವರೆಗೆ ಬಿಟ್ಟರು. ರೊಕ್ಕ ಕೊಡಹೋದರೆ, "ಮಕ್ಳಿಗೆ ಬಿಸ್ಕೀಟ್ ಕೊಡಸ್ರಿ" ಎಂದು ಹೊರಟೇ ಹೋದರು. ಆ ಪುಣ್ಯಾತ್ಮರಿಗೆ ಈ ಕಾಲಂನಿಂದ ಶರಣು.

ಮನೆಗೆ ಬಂದ ಮೇಲೆ ಇನ್ನೊಂದು ಮಾತು ಹೊರಬಿತ್ತು. ಮನೆಯಾಕೆ ಇಡೀ ದಿನ ಎರಡು ಗುಟುಕಿನ ಮೇಲೆ ನೀರು ಕುಡಿದಿರಲಿಲ್ಲ. ಯಾಕೆ ಎಂದರೆ, "ನೀರು ಕುಡಿದರ ಎಲ್ಲಿಗೆ ಹೋಗ್ಲಿ? ನಿಮಗೇನು, ಗ್ವಾಡಿ ಸಾಕು" ಎಂದಳು. ನಾವು ತಲೆ ತಗ್ಗಿಸಿದೆವು. ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆ ಆಯಿತು. ಇಳಿದ ಮೇಲೆ ಅವರಿಗೊಂದು ಮರೆ ಆಗಲಿಲ್ಲ. ಈ ಬಿಸಿಲಿನ ಸೀಮೆಯಲ್ಲಿ ಬಾಯಾರಿಕೆ ತಡೆದುಕೊಂಡು ಚಕ್ರವರ್ತಿಯ ಗುಡಿ ನೋಡಬೇಕೇ?

ಕೊಪ್ಪಳದ ಸಂಸಾರಗಳು ವರ್ಷಕ್ಕೊಂದು ದಿನವೂ ಹೊರಬೀಳದಿರಲು ಕಾರಣ ಇದೇ ಎಂದು ನಮ್ಮ ತಿಳಿವಳಿಕೆ. ಒಮ್ಮೆ ಹೋಗಿ ಕತ್ತಲಲ್ಲಿ ಸಿಕ್ಕಿಬಿದ್ದವರು ಎರಡನೇ ಸಲ ಹೋಗುವುದಿಲ್ಲ. ಹೋದವರ ಕಥೆ ಕೇಳಿದ ನೆರೆಮನೆಯವರು ಮೊದಲನೇ ಸಲವೂ ಹೋಗುವುದಿಲ್ಲ. ಕಾರಿದ್ದವರ ಮಕ್ಕಳು ಇಟಗಿ ಕಾಣುತ್ತಾರೆ, ಕಾರಿಲ್ಲದವರ ಮಕ್ಕಳು ಗಲ್ಲಾಪೆಟ್ಟಿಗೆ ಕಾಣುತ್ತಾರೆ.

ಮನಸ್ಸಿದ್ದರೆ ಮಾರ್ಗ

ಬಸ್ಸಿಲ್ಲ, ಸಿಬ್ಬಂದಿ ಇಲ್ಲ ಎಂಬ ರಾಗ ಬರುತ್ತದೆಂದು ಬಲ್ಲೆವು. ಗವಿಸಿದ್ಧೇಶ್ವರ ಜಾತ್ರೆಗೆ ವಿಶೇಷ ಬಸ್ಸು ಓಡುವುದಿಲ್ಲವೇ? ಹುಣ್ಣಿಮೆಗೆ ಹುಲಿಗಿಯ ದಾರಿಯಲ್ಲಿ ಬಸ್ಸು ಕಾಣುವುದಿಲ್ಲವೇ? ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಜೋಗಕ್ಕೆ ವಿಶೇಷ ಬಸ್ಸು ಬಿಟ್ಟದ್ದಿಲ್ಲವೇ? ದೇವರಿಗೆ, ಜಲಪಾತಕ್ಕೆ ಸಿಕ್ಕ ಬಸ್ಸು ಮಕ್ಕಳಿಗೆ ಯಾಕೆ ಸಿಗಬಾರದು? ಸಾಲಿ ಸೂಟಿ ಎಂದರೆ ಸಾಲಿ ಹುಡುಗರ ಬಸ್ಸುಗಳು ಖಾಲಿ ಇರುವ ಕಾಲವೇ ಅಲ್ಲವೇ? ಅವನ್ನೇ ಈ ದಾರಿಗೆ ತಿರುಗಿಸಿದರೆ ಹೊಸ ಬಸ್ಸಿನ ಮಾತೇ ಏಳುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಜಿಲ್ಲೆಯಲ್ಲಿ ಈಗ ತಾಲೂಕು ಏಳಾಗಿವೆ. ಹಳೆಯ ನಾಲ್ಕು ಊರುಗಳಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಿಂದ ದಸರಾ ಮತ್ತು ಬೇಸಿಗೆ ಸೂಟಿಯಲ್ಲಿ ದಿನಕ್ಕೊಂದು ಸುತ್ತು ಬಸ್ಸು ಬಿಡಲಿ. ಸಂಜೆ ಐದಕ್ಕೆ ಮರಳುವ ಬಸ್ಸಿನ ಹೊತ್ತನ್ನು ಗುಡಿಯ ಮುಂದೆಯೇ ಬೋರ್ಡಿನಲ್ಲಿ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಲಿ. ಬರೆದ ಮೇಲೆ ಬಸ್ಸು ಬರಲಿ. ಹೆಣ್ಣುಮಕ್ಕಳಿಗೆ ಬೀಗ ಹಾಕದ ಶೌಚಾಲಯ, ಕುಡಿಯುವ ನೀರಿನ ಒಂದು ನಲ್ಲಿ ಇರಲಿ. ನೀರಿನ ದಡಗಳಲ್ಲಿ ಕಾವಲು ಇರಲಿ. 2025ರ ಫೆಬ್ರುವರಿಯಲ್ಲಿ ಹೈದರಾಬಾದಿನಿಂದ ಬಂದ ಯುವ ವೈದ್ಯೆಯೊಬ್ಬರು ಸಾಣಾಪುರದ ಬಳಿ ಬಂಡೆಯಿಂದ ತುಂಗಭದ್ರೆಗೆ ಜಿಗಿದು ಜೀವ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಮೇಲೆ ತಣ್ಣಗೆ ಕಾಣುವ ಹೊಳೆಗೆ ಒಳಗೆ ಸೆಳೆತ ಇರುತ್ತದೆ. ತಂದೆತಾಯಿಗಳೂ ಮಕ್ಕಳ ಕೈ ಬಿಡಬೇಡಿ. ಈಜು ಬಂದರೂ ಇಳಿಸಬೇಡಿ.

ಅಂಗಡಿಕಾರ ಬಂಧುಗಳಿಗೂ ಒಂದು ಮಾತು. ಇಟಗಿಗೆ ನಾಲ್ಕು ಬಸ್ಸು ಜನ ಹೋದರೆ ಚಹಾ ಅಂಗಡಿ, ಬಾಳೆಹಣ್ಣಿನ ಗಾಡಿ, ಗೊಂಬೆ ಮಾರುವವ ಎಲ್ಲರ ಮನೆಯಲ್ಲೂ ಒಲೆ ಉರಿಯುತ್ತದೆ. ಅರ್ಜಿಗೆ ನಿಮ್ಮ ಸಹಿ ಬೀಳಲಿ. ಅದಕ್ಕಿಂತ ಮೊದಲು ಸೂಟಿಯಲ್ಲಿ ಒಂದು ದಿನ, ಒಂದೇ ದಿನ, ಅಂಗಡಿ ಬಾಗಿಲು ಹಾಕಿ ಆ ಗಲ್ಲಾಪೆಟ್ಟಿಗೆಯ ಹಿಂದಿನ ಸಣ್ಣ ತಲೆಯನ್ನು ಹೊರಗೆ ಕರೆದೊಯ್ಯಿರಿ. ಗಿರಾಕಿ ಮರುದಿನವೂ ಬರುತ್ತಾನೆ. ಮಗನ ಹತ್ತನೇ ವರ್ಷ ಮರುದಿನ ಬರುವುದಿಲ್ಲ.

ಗವಿಮಠದ ಬಂಡೆಯ ಮೇಲೆ ಅಶೋಕ ಬರೆಸಿದ್ದರ ತಾತ್ಪರ್ಯ ಇಷ್ಟೇ: ಪ್ರಯತ್ನಪಟ್ಟರೆ ಒಳ್ಳೆಯದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ. ಎರಡು ಸಾವಿರ ವರ್ಷದಿಂದ ನಮ್ಮೂರ ಗುಡ್ಡದ ಮೇಲೆ ಈ ಮಾತು ಬಿಸಿಲು ಮಳೆಗೆ ಮೈಯೊಡ್ಡಿ ಕೂತಿದೆ. ಸಣ್ಣವರ ಪ್ರಯತ್ನ ನಾವು ಮಾಡಿ ಬಂದಿದ್ದೇವೆ, ಒಂದೂವರೆ ಟಿಕೀಟಿನಲ್ಲಿ. ಇನ್ನು ದೊಡ್ಡವರು ಸಂಜೆ ಐದರ ಬಸ್ಸು ಕಳಿಸಲಿ.