ಒಂದೂ ಮ್ಯಾಚ್ ಗೆಲ್ಲದ ಗಂಡಸರ ಟೀಮಿಗೂ 94 ಕೋಟಿ. ಹೆಂಗಸರಿಗೆ ಅಷ್ಟು ಸಿಗಬೇಕಂದ್ರೆ ವಿಶ್ವಕಪ್ಪನ್ನೇ ಗೆಲ್ಲಬೇಕು!

ಕ್ಯಾಸಲ್‌ರಾಕ್ (ಜೋಯಿಡಾ): 2026ರ ಜೂನ್ 11ರಿಂದ ಅಮೆರಿಕ, ಕೆನಡಾ, ಮೆಕ್ಸಿಕೋದಲ್ಲಿ ಗಂಡಸರ ಫುಟ್ಬಾಲ್ ವಿಶ್ವಕಪ್. ಘಟ್ಟ ಇಳಿದರೆ ಗೋವಾ, ಅಲ್ಲಿ ಫುಟ್ಬಾಲ್ ಅಂದ್ರೆ ಜೀವ. ಘಟ್ಟದ ಮೇಲಿನ ಕ್ಯಾಸಲ್‌ರಾಕ್, ಜೋಯಿಡಾ, ದಾಂಡೇಲಿ ಕಡೆಗೂ ಆ ಗಾಳಿ ಬೀಸದೇ ಇರೋದಿಲ್ಲ. ಯಾರು ಗೆಲ್ತಾರೆ ಅನ್ನೋ ಚರ್ಚೆ ಚಹಾ ಅಂಗಡಿಯಲ್ಲಿ ನಡೆಯುತ್ತೆ, ನಡೀಲಿ. ಆದರೆ ಗೆದ್ದವರಿಗೆ, ಸೋತವರಿಗೆ ಎಷ್ಟು ದುಡ್ಡು ಸಿಗುತ್ತೆ ಅನ್ನೋ ಲೆಕ್ಕ ನೋಡಿದರೆ ಬೇರೆಯದೇ ಕಥೆ ಕಾಣುತ್ತೆ.

2025ರ ಡಿಸೆಂಬರ್ 17ರಂದು ದೋಹಾದಲ್ಲಿ ಸೇರಿದ್ದ ಫಿಫಾ ಕೌನ್ಸಿಲ್ ಈ ವಿಶ್ವಕಪ್‌ನ ಬಹುಮಾನ ಪ್ರಕಟಿಸಿದೆ. ಒಟ್ಟು ಬಹುಮಾನ 65.5 ಕೋಟಿ ಡಾಲರ್. ಕಪ್ ಗೆದ್ದ ದೇಶಕ್ಕೆ 5 ಕೋಟಿ ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ 450 ಕೋಟಿ ರೂಪಾಯಿ. ಆ ಪ್ರಕಟಣೆಯ ಪ್ರಕಾರ ಗುಂಪು ಹಂತದಲ್ಲೇ ಮನೆಗೆ ಹೋಗುವ ತಂಡಕ್ಕೂ 90 ಲಕ್ಷ ಡಾಲರ್ ಖಾತ್ರಿ, ಅದರ ಮೇಲೆ ತಯಾರಿ ಖರ್ಚಿಗೆ 15 ಲಕ್ಷ ಡಾಲರ್. ಅಂದರೆ ಮೂರೂ ಮ್ಯಾಚ್ ಸೋತು ವಾಪಸ್ ಬಂದರೂ 1.05 ಕೋಟಿ ಡಾಲರ್, ಸುಮಾರು 94 ಕೋಟಿ ರೂಪಾಯಿ.

ಈಗ ಇನ್ನೊಂದು ಕಡೆ ನೋಡಿ. 2023ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ನಡೆದ ಮಹಿಳಾ ವಿಶ್ವಕಪ್ ಗೆದ್ದದ್ದು ಸ್ಪೇನ್. ಚಾಂಪಿಯನ್ ಆಗಿದ್ದಕ್ಕೆ ಬಹುಮಾನ ಎಷ್ಟು? ಅದೇ 1.05 ಕೋಟಿ ಡಾಲರ್. ಏಳು ಮ್ಯಾಚ್ ಆಡಿ, ಫೈನಲ್‌ನಲ್ಲಿ ಇಂಗ್ಲೆಂಡನ್ನ ಸೋಲಿಸಿ ತಗೊಂಡ ಬಹುಮಾನಕ್ಕೂ, ಮೂರು ಮ್ಯಾಚ್ ಸೋತು ಬರುವ ಗಂಡಸರ ಟೀಮಿನ ಖಾತ್ರಿ ಹಣಕ್ಕೂ ಒಂದು ಡಾಲರ್ ವ್ಯತ್ಯಾಸ ಇಲ್ಲ.

ಅಂತರ ಎಷ್ಟಿತ್ತು, ಎಷ್ಟಾಗಿದೆ?

ಹಾಗಂತ ಏನೂ ಸುಧಾರಿಸಿಲ್ಲ ಅನ್ನೋದೂ ತಪ್ಪು. ಮಹಿಳಾ ವಿಶ್ವಕಪ್ ಶುರುವಾಗಿದ್ದು 1991ರಲ್ಲಿ, ಚೀನಾದಲ್ಲಿ. ಮೊದಲ ನಾಲ್ಕು ವಿಶ್ವಕಪ್‌ಗಳಲ್ಲಿ ಬಹುಮಾನದ ಹಣವೇ ಇರಲಿಲ್ಲ, ಕಪ್ ಮತ್ತು ಚಪ್ಪಾಳೆ ಅಷ್ಟೇ. 2007ರಲ್ಲಿ ಮೊದಲ ಸಲ ಹಣ ಬಂತು, ಗೆದ್ದ ಜರ್ಮನಿಗೆ 10 ಲಕ್ಷ ಡಾಲರ್. 2015ರಲ್ಲಿ ಗೆದ್ದ ಅಮೆರಿಕಕ್ಕೆ 20 ಲಕ್ಷ, 2019ರಲ್ಲಿ ಮತ್ತೆ ಅವರೇ ಗೆದ್ದಾಗ 40 ಲಕ್ಷ. 2019ರಲ್ಲಿ ಒಟ್ಟು ಬಹುಮಾನ 3 ಕೋಟಿ ಡಾಲರ್ ಇದ್ದದ್ದು 2023ಕ್ಕೆ 11 ಕೋಟಿ ಆಯ್ತು.

ಆದರೆ ಗಂಡಸರ ಕಡೆ 2022ರ ಕತಾರ್ ವಿಶ್ವಕಪ್‌ನಲ್ಲೇ 44 ಕೋಟಿ ಡಾಲರ್ ಇತ್ತು. ಗೆದ್ದ ಅರ್ಜೆಂಟೀನಾಕ್ಕೆ 4.2 ಕೋಟಿ, ಸ್ಪೇನ್ ಹೆಣ್ಮಕ್ಕಳಿಗೆ ಸಿಕ್ಕಿದ್ದರ ಸರಿಯಾಗಿ ನಾಲ್ಕು ಪಟ್ಟು. ಯುರೋಪಿನ ಕಪ್‌ನಲ್ಲಿ ಅಂತರ ಇನ್ನೂ ದೊಡ್ಡದು. 2024ರ ಗಂಡಸರ ಯೂರೋ ಕಪ್‌ಗೆ ಒಟ್ಟು 33.1 ಕೋಟಿ ಯೂರೋ, 2025ರ ಮಹಿಳಾ ಯೂರೋಗೆ 4.1 ಕೋಟಿ. ಏಷ್ಯಾದಲ್ಲೂ ಅದೇ ಹಾಡು. ಗಂಡಸರ 2023ರ ಏಷ್ಯನ್ ಕಪ್‌ಗೆ 1.48 ಕೋಟಿ ಡಾಲರ್, ಮಹಿಳೆಯರ 2022ರ ಏಷ್ಯನ್ ಕಪ್‌ಗೆ 18 ಲಕ್ಷ ಡಾಲರ್.

"ನೋಡೋರೇ ಇಲ್ಲ" ಅನ್ನೋ ಮಾತು

ಇದಕ್ಕೆ ಸಿಗುವ ಉತ್ತರ ಎಲ್ಲರಿಗೂ ಗೊತ್ತು. ಹೆಂಗಸರ ಮ್ಯಾಚ್ ಯಾರು ನೋಡ್ತಾರೆ? ಟಿವಿ ದುಡ್ಡು ಬರೋದು ಗಂಡಸರ ಆಟದಿಂದ, ವ್ಯಾಪಾರ ಇದ್ದಲ್ಲಿ ಲಾಭ. ಅಂಗಡಿ ನಡೆಸೋರಿಗೆ ಈ ಮಾತು ಸರಿ ಅನಿಸೋದು ಸಹಜ. ಗಂಡಸರ ವಿಶ್ವಕಪ್‌ನ ಆದಾಯ ಬಹಳ ದೊಡ್ಡದು ಅನ್ನೋದೂ ಸುಳ್ಳಲ್ಲ.

ಆದರೆ ಈ ವ್ಯಾಪಾರದ ಹಿಂದೆ ಒಂದು ಇತಿಹಾಸ ಇದೆ. 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನಡೆದ ಒಂದು ಮಹಿಳಾ ಮ್ಯಾಚ್‌ಗೆ ಸುಮಾರು 53 ಸಾವಿರ ಜನ ಸೇರಿದ್ದರು. ಮರುವರ್ಷವೇ, 1921ರ ಡಿಸೆಂಬರ್‌ನಲ್ಲಿ, ಅಲ್ಲಿನ ಫುಟ್ಬಾಲ್ ಸಂಸ್ಥೆ "ಈ ಆಟ ಹೆಂಗಸರಿಗೆ ತಕ್ಕದ್ದಲ್ಲ" ಅಂತ ಹೇಳಿ ತನ್ನ ಕ್ಲಬ್‌ಗಳ ಮೈದಾನದಲ್ಲಿ ಮಹಿಳೆಯರು ಆಡದಂತೆ ನಿಷೇಧ ಹಾಕಿತು. ಅದು ತೆರವಾಗೋಕೆ ಸುಮಾರು 50 ವರ್ಷ ಬೇಕಾಯ್ತು. ಪಶ್ಚಿಮ ಜರ್ಮನಿಯಲ್ಲೂ 1955ರಿಂದ 1970ರ ತನಕ ಇಂಥದ್ದೇ ನಿಷೇಧ ಇತ್ತು. ಚೆನ್ನಾಗಿ ನಡೀತಿದ್ದ ಅಂಗಡಿಗೆ 50 ವರ್ಷ ಬೀಗ ಹಾಕಿ, ತೆಗೆದ ದಿನ "ನಿಮಗೆ ಗಿರಾಕಿಗಳೇ ಇಲ್ಲವಲ್ಲ" ಅಂದ ಹಾಗಾಯ್ತು.

ಬೀಗ ತೆಗೆದ ಮೇಲೆ ಗಿರಾಕಿಗಳು ಬರ್ತಾನೂ ಇದ್ದಾರೆ. 2023ರ ಮಹಿಳಾ ವಿಶ್ವಕಪ್‌ಗೆ ಮೈದಾನಕ್ಕೆ ಬಂದವರೇ 19.7 ಲಕ್ಷಕ್ಕೂ ಹೆಚ್ಚು. ಸಿಡ್ನಿಯ ಫೈನಲ್‌ಗೆ 75,784 ಜನ. ಆ ಟೂರ್ನಿಯಿಂದ 57 ಕೋಟಿ ಡಾಲರ್ ಬಂದಿದೆ, ಖರ್ಚು ಗಿಟ್ಟಿದೆ ಅಂತ ಫಿಫಾ ಅಧ್ಯಕ್ಷ ಜಿಯಾನಿ ಇನ್ಫಾಂಟಿನೊ ಅವರೇ ಹೇಳಿದ್ದರು.

ಇನ್ನೊಂದು ವಿಷಯ. ಬಹಳ ವರ್ಷ ಫಿಫಾ ಮಹಿಳಾ ವಿಶ್ವಕಪ್‌ನ ಟಿವಿ ಹಕ್ಕನ್ನ ಬೇರೆ ಮಾರ್ತಾನೇ ಇರಲಿಲ್ಲ. ಗಂಡಸರ ಹಕ್ಕು ಕೊಂಡವರಿಗೆ ಜೊತೆಗೆ ಇದು. ಸೋಪಿನ ಜೊತೆ ಫ್ರೀ ಕೊಟ್ಟ ಶಾಂಪೂ ಪ್ಯಾಕೆಟ್‌ಗೆ ಬೆಲೆ ಎಷ್ಟು ಅಂತ ಯಾರು ಹೇಳ್ತಾರೆ? 2023ರಲ್ಲಿ ಬೇರೆ ಮಾರೋಕೆ ಹೋದಾಗ ಯುರೋಪಿನ ದೊಡ್ಡ ದೇಶಗಳ ಚಾನೆಲ್‌ಗಳು ಕಡಿಮೆ ರೇಟು ಹೇಳಿದವು. ಆಗ ಪ್ರಸಾರವನ್ನೇ ತಡೆಹಿಡಿಯೋದಾಗಿ ಇನ್ಫಾಂಟಿನೊ ಬೆದರಿಕೆ ಹಾಕಬೇಕಾಯ್ತು.

ದುಡ್ಡು ಯಾರ ಕೈಗೆ ಹೋಗುತ್ತೆ?

ಬಹುಮಾನ ಘೋಷಣೆ ಆದ ಕೂಡಲೇ ಆಡಿದವರ ಜೇಬಿಗೆ ದುಡ್ಡು ಬಂತು ಅಂತಲ್ಲ. ನಮ್ಮ ಕಡೆ ಟೂರ್ನಮೆಂಟ್‌ನಲ್ಲಿ ಕವರ್ ಹೋಗೋದು ಟೀಮ್ ಮ್ಯಾನೇಜರ್ ಕೈಗೆ. ಎಂಟ್ರಿ ಫೀ, ಗಾಡಿ ಬಾಡಿಗೆ, ಜರ್ಸಿ ಖರ್ಚು ಕಳೆದು ಉಳಿದದ್ದು ಹುಡುಗರಿಗೆ. ವಿಶ್ವಕಪ್‌ನಲ್ಲೂ ಹಾಗೇ. ಫಿಫಾ ದುಡ್ಡು ಕೊಡೋದು ಆಯಾ ದೇಶದ ಫುಟ್ಬಾಲ್ ಸಂಸ್ಥೆಗೆ.

2023ರಲ್ಲಿ ಆಟಗಾರ್ತಿಯರ ಒತ್ತಾಯದ ಮೇಲೆ ಫಿಫಾ ಒಂದು ಹೆಜ್ಜೆ ಮುಂದೆ ಇಟ್ಟಿತು. ಮೊದಲ ಸುತ್ತಲ್ಲೇ ಸೋತರೂ ತಲೆಗೆ 30 ಸಾವಿರ ಡಾಲರ್ (ಸುಮಾರು 27 ಲಕ್ಷ ರೂ.), ಗೆದ್ದರೆ ತಲೆಗೆ 2.7 ಲಕ್ಷ ಡಾಲರ್ ಅಂತ ಹೆಸರಿಟ್ಟೇ ಹೇಳಿತು. ಸ್ಪೇನ್‌ನ 1.05 ಕೋಟಿಯಲ್ಲಿ 23 ಆಟಗಾರ್ತಿಯರ ಪಾಲು 62.1 ಲಕ್ಷ, ಉಳಿದ 42.9 ಲಕ್ಷ ಸಂಸ್ಥೆಗೆ. ಆದರೂ ಹಣ ಹೋಗಿದ್ದು ಸಂಸ್ಥೆಗಳ ಮೂಲಕವೇ.

ಇದು ಯಾಕೆ ಮುಖ್ಯ ಅಂದ್ರೆ, ಅದೇ ವಿಶ್ವಕಪ್‌ಗೆ ಮುಂಚೆ ನೈಜೀರಿಯಾ, ದಕ್ಷಿಣ ಆಫ್ರಿಕಾ ಆಟಗಾರ್ತಿಯರು ಹಣದ ವಿಷಯಕ್ಕೆ ತಮ್ಮ ಸಂಸ್ಥೆ ಜೊತೆ ಜಗಳ ಆಡಬೇಕಾಯ್ತು. ಜಮೈಕಾ ತಂಡದ ಖರ್ಚಿಗೆ ಆಟಗಾರ್ತಿಯೊಬ್ಬರ ತಾಯಿ ಆನ್‌ಲೈನ್‌ನಲ್ಲಿ ಚಂದಾ ಎತ್ತಿದರು. ವಿಶ್ವಕಪ್ ಆಡೋಕೆ ಚಂದಾ!

ಸರಿ ಮಾಡಿದವರೂ ಇದ್ದಾರೆ

ಅಮೆರಿಕದ ಮಹಿಳಾ ತಂಡ ಕೋರ್ಟಿಗೆ ಹೋಯ್ತು. 2022ರಲ್ಲಿ 2.4 ಕೋಟಿ ಡಾಲರ್‌ಗೆ ರಾಜಿ ಆಯ್ತು. ಜೊತೆಗೆ ಒಂದು ಹೊಸ ಒಪ್ಪಂದವೂ ಆಯ್ತು. ಗಂಡಸರ, ಹೆಂಗಸರ ವಿಶ್ವಕಪ್ ಬಹುಮಾನ ಎರಡನ್ನೂ ಒಂದೇ ಡಬ್ಬಿಗೆ ಹಾಕಿ ಸಮ ಹಂಚೋದು. ಆ ವರ್ಷ ಕತಾರ್‌ನಲ್ಲಿ ಅಮೆರಿಕದ ಗಂಡಸರು 16ರ ಘಟ್ಟದಲ್ಲಿ ಸೋತರು, ಬಂದದ್ದು 1.3 ಕೋಟಿ ಡಾಲರ್. ಅದರಲ್ಲಿ ಹೆಂಗಸರ ತಂಡದ ಪಾಲು ಸುಮಾರು 58 ಲಕ್ಷ. ಅವರೇ 2019ರಲ್ಲಿ ಕಪ್ ಗೆದ್ದಾಗ ಫಿಫಾ ಕೊಟ್ಟಿದ್ದು 40 ಲಕ್ಷ. ತಾವು ಗೆದ್ದಿದ್ದಕ್ಕಿಂತ ಗಂಡಸರು ಸೋತಿದ್ದರಿಂದ ಹೆಚ್ಚು ಸಿಕ್ತು!

ಟೆನಿಸ್‌ನಲ್ಲಿ ಯುಎಸ್ ಓಪನ್ 1973ರಲ್ಲೇ ಸಮಾನ ಬಹುಮಾನ ಕೊಟ್ಟಿತು, ವಿಂಬಲ್ಡನ್ 2007ರಲ್ಲಿ. ಕ್ರಿಕೆಟ್‌ನಲ್ಲಿ ಐಸಿಸಿ 2023ರ ಜುಲೈನಲ್ಲಿ ನಿರ್ಧಾರ ಮಾಡಿತು. 2025ರ ನವೆಂಬರ್ 2ರಂದು ನವಿ ಮುಂಬೈನಲ್ಲಿ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡಕ್ಕೆ ಐಸಿಸಿ ಕೊಟ್ಟದ್ದು 44.8 ಲಕ್ಷ ಡಾಲರ್. 2023ರಲ್ಲಿ ಗೆದ್ದ ಆಸ್ಟ್ರೇಲಿಯಾ ಗಂಡಸರಿಗೆ 40 ಲಕ್ಷ.

ನಮ್ಮ ರಾಜ್ಯದ ಉದಾಹರಣೆ ಬೇಕಂದ್ರೆ ಆರ್‌ಸಿಬಿ ಇದೆ. 2024ರಲ್ಲಿ "ಕಪ್ ನಮ್ದೇ" ಅನ್ನೋದನ್ನ ಮೊದಲು ನಿಜ ಮಾಡಿದ್ದು ಹೆಣ್ಮಕ್ಕಳು, ಬಹುಮಾನ 6 ಕೋಟಿ. 2025ರಲ್ಲಿ ಗಂಡಸರು ಗೆದ್ದಾಗ 20 ಕೋಟಿ. ಜರ್ಸಿ ಒಂದೇ, ಹೆಸರು ಒಂದೇ. ದೇಶದ ಪರ ಆಡುವಾಗ ಮ್ಯಾಚ್ ಫೀ 2022ರಿಂದ ಸಮ (ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ), ಲೀಗ್‌ನಲ್ಲಿ ಇನ್ನೂ ಇಲ್ಲ.

ಭಾರತದ ಫುಟ್ಬಾಲ್ ಹುಡುಗಿಯರು

2025ರ ಜುಲೈ 5ರಂದು ಥಾಯ್ಲೆಂಡ್ ನೆಲದಲ್ಲೇ ಥಾಯ್ಲೆಂಡನ್ನ 2-1ರಿಂದ ಸೋಲಿಸಿ ಭಾರತದ ಮಹಿಳಾ ತಂಡ ಏಷ್ಯನ್ ಕಪ್‌ಗೆ ಹೋಗಿದೆ. ಎರಡೂ ಗೋಲು ಸಂಗೀತಾ ಬಸ್ಫೋರ್ ಅವರದ್ದು. 2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಈ ಟೂರ್ನಿಯೇ 2027ರ ಬ್ರೆಜಿಲ್ ಮಹಿಳಾ ವಿಶ್ವಕಪ್‌ಗೆ ದಾರಿಯಾಗಿತ್ತು. ಇಲ್ಲಿ ಲೀಗ್ ಆಡುವ ಹುಡುಗಿಯರಿಗೆ ಕನಿಷ್ಠ ವಾರ್ಷಿಕ ಸಂಬಳ ಅಂತ 2023ರಲ್ಲಿ ಫೆಡರೇಶನ್ ನಿಗದಿ ಮಾಡಿದ್ದು 3.2 ಲಕ್ಷ, ಅದೂ ಪ್ರತಿ ಕ್ಲಬ್‌ನಲ್ಲಿ ಹತ್ತು ಜನರಿಗೆ. ತಿಂಗಳಿಗೆ 27 ಸಾವಿರಕ್ಕೂ ಕಡಿಮೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ರಾಷ್ಟ್ರೀಯ ಮಹಿಳಾ ಲೀಗ್‌ನ ಫೈನಲ್ ತನಕ ಹೋಗಿತ್ತು ಅನ್ನೋದು ರಾಜ್ಯದಲ್ಲೇ ಎಷ್ಟು ಜನಕ್ಕೆ ಗೊತ್ತು?

2026ರ ಗಂಡಸರ ವಿಶ್ವಕಪ್ ಮತ್ತು 2027ರ ಮಹಿಳಾ ವಿಶ್ವಕಪ್‌ನಲ್ಲಿ ಸಮಾನ ಹಣ ಕೊಡೋದೇ ಗುರಿ ಅಂತ ಇನ್ಫಾಂಟಿನೊ 2023ರ ಮಾರ್ಚ್‌ನಲ್ಲಿ ಹೇಳಿದ್ದರು. ಒಂದು ಕಡೆಯ ಅಂಕಿ ಬಂದಾಯ್ತು, 65.5 ಕೋಟಿ. ಬ್ರೆಜಿಲ್‌ನ ಅಂಕಿ ಅದಕ್ಕೆ ಎಷ್ಟು ಹತ್ತಿರ ಬರುತ್ತೆ ಅನ್ನೋದರ ಮೇಲೆ ಆ ಮಾತಿನ ತೂಕ ಗೊತ್ತಾಗುತ್ತೆ.

ನಮ್ಮ ಬ್ಯಾನರ್‌ನಲ್ಲಿ ಏನಿದೆ?

ಫಿಫಾ ದೂರದ ಮಾತು ಬಿಡಿ. ಸುಗ್ಗಿ ಮುಗಿದು ಜಾತ್ರೆ, ಟೂರ್ನಮೆಂಟ್ ಶುರುವಾಗುವ ಹೊತ್ತು. ಊರ ಪ್ಯಾಟಿಯಲ್ಲಿ ಬ್ಯಾನರ್ ಬೀಳ್ತವೆ: ಪ್ರಥಮ ಬಹುಮಾನ ಇಷ್ಟು ಸಾವಿರ ಮತ್ತು ಟ್ರೋಫಿ, ದ್ವಿತೀಯ ಇಷ್ಟು, ಕೆಳಗೆ ದಾನಿಗಳ ಹೆಸರು. ಹೆಂಗಸರ ಥ್ರೋಬಾಲ್, ಹಗ್ಗಜಗ್ಗಾಟ ಇದ್ದರೆ ಕೊನೆಯ ಸಾಲಿನಲ್ಲಿ "ಆಕರ್ಷಕ ಬಹುಮಾನ". ಆಕರ್ಷಕ ಅಂದ್ರೆ ಸ್ಟೀಲ್ ಡಬ್ಬಿಯೋ ಕುಕ್ಕರೋ ಅಂತ ಎಲ್ಲರಿಗೂ ಗೊತ್ತು. ಹಳಿಯಾಳ, ಮುಂಡಗೋಡ, ಜೋಯಿಡಾದಲ್ಲಿ ಕುಸ್ತಿ, ಕಬಡ್ಡಿ, ಓಟದಲ್ಲಿ ಹೆಣ್ಮಕ್ಕಳು ಹಿಂದೆ ಬಿದ್ದವರಲ್ಲ. ಆದರೆ ಊರ ಕಣದಲ್ಲಿ ಅವರ ಬಹುಮಾನಕ್ಕೆ ಅಂಕಿ ಬರೆಯುವ ರೂಢಿ ಇನ್ನೂ ಬಂದಿಲ್ಲ.

ಫಿಫಾಕ್ಕೆ ಟಿವಿ ಕಂಪನಿಗಳನ್ನ ಒಪ್ಪಿಸಬೇಕು. ಇಲ್ಲಿ ಬಹುಮಾನದ ಹಣ ಹೋಗೋದು ಪ್ಯಾಟಿಯ ಅಂಗಡಿಗಳ ಗಲ್ಲಾದಿಂದ. ಚಂದಾ ರಸೀದಿ ಹಿಡಿದು ಬಂದ ಹುಡುಗರಿಗೆ "ಹೆಂಗಸರ ಬಹುಮಾನ ಎಷ್ಟು ಇಟ್ಟೀರಿ?" ಅಂತ ಒಂದು ಮಾತು ಕೇಳಿ ದುಡ್ಡು ಕೊಟ್ಟರೆ ಸಾಕು. ಮುಂದಿನ ಬ್ಯಾನರ್‌ನಲ್ಲಿ "ಆಕರ್ಷಕ" ಅನ್ನೋ ಜಾಗದಲ್ಲಿ ಒಂದು ಅಂಕಿ ಬಂದೀತು.