ಕರೆಂಟು ನಮಗೆ, ಆತಂಕ ಅವರಿಗೆ

ಜೆ.ಪಿ. ನಗರದ ನಮ್ಮ ಪಿ.ಜಿ.ಯಲ್ಲಿ ಐದು ನಿಮಿಷ ಕರೆಂಟು ಹೋದರೂ ಗೊಣಗಾಟ ಶುರು. ಮೊನ್ನೆ ಹಾಗೆ ಗೊಣಗುತ್ತಿದ್ದಾಗ ಕಾರವಾರ ಕಡೆಯ ರೂಮ್‌ಮೇಟ್ ಕೇಳಿದಳು, ‘ಕರೆಂಟು ಎಲ್ಲಿಂದ ಬರ್ತದೆ ಗೊತ್ತಾ ನಿಂಗೆ?’ ಬೆಸ್ಕಾಂನಿಂದ ಅಂದೆ. ನಕ್ಕಳು.

ಅವಳ ಮನೆ ಇರುವುದು ಕೈಗಾ ಅಣುವಿದ್ಯುತ್ ಸ್ಥಾವರದ ಹತ್ತಿರ. ಕಾಳಿ ನದಿ ದಂಡೆಯ ಈ ಸ್ಥಾವರದಲ್ಲಿ ಈಗಿರುವುದು 220 ಮೆಗಾವಾಟ್‌ನ ನಾಲ್ಕು ಘಟಕಗಳು. ಅವುಗಳ ಪಕ್ಕಕ್ಕೆ 700 ಮೆಗಾವಾಟ್‌ನ ಇನ್ನೆರಡು ಬರಲಿವೆ. ಅಂದರೆ ಹಳೆಯ ನಾಲ್ಕೂ ಸೇರಿದರೂ ಹೊಸ ಎರಡಕ್ಕೆ ಸಮವಲ್ಲ. 2018ರ ಡಿಸೆಂಬರ್‌ನಲ್ಲಿ ನಡೆದ ಅಹವಾಲು ಸಭೆಯಲ್ಲಿ ಊರಿನವರು ಕ್ಯಾನ್ಸರ್ ಭಯ ಹೇಳಿಕೊಂಡರು, ವಿರೋಧಿಸಿದರು. ಮರುವರ್ಷ ಪರಿಸರ ಅನುಮತಿ ಸಿಕ್ಕಿತು. ವಿರೋಧವೇನೂ ಹೊಸತಲ್ಲ ಬಿಡಿ. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ, 87ರ ಇಳಿವಯಸ್ಸಿನಲ್ಲಿ ಲೋಕಸಭೆ ಚುನಾವಣೆಗೇ ನಿಂತು ಸೋತಿದ್ದರು.

ಹಳ್ಳಿಯವರ ಭಯಕ್ಕೆ ಬುಡವಿಲ್ಲ ಎನ್ನುವವರು ಎರಡು ಘಟನೆ ನೆನೆಯಬೇಕು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟದ ಒಳಭಾಗದ ಕಾಂಕ್ರೀಟ್ ಕುಸಿಯಿತು. ಆಗ ಒಳಗೆ ಇಂಧನ ಇರಲಿಲ್ಲ, ಬಚಾವು. 2009ರ ನವೆಂಬರ್‌ನಲ್ಲಿ ನೌಕರರು ಕುಡಿಯುವ ನೀರಿನ ಕೂಲರ್‌ಗೇ ವಿಕಿರಣಯುಕ್ತ ಟ್ರಿಟಿಯಂ ಸೇರಿತ್ತು. ಒಳಗಿನವರದೇ ಕಿಡಿಗೇಡಿತನವೆಂದು ಅಧಿಕಾರಿಗಳೇ ಹೇಳಿದರು. ಅದೇ ಸ್ಥಾವರದ ಒಂದನೇ ಘಟಕ 2018ರಲ್ಲಿ ಸತತ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿದ್ದೂ ನಿಜವೇ.

ಅಣುವಿದ್ಯುತ್ ಬೇಡವೇ ಬೇಡ ಎನ್ನುವ ಧೈರ್ಯ ನನಗಿಲ್ಲ. ರಾಯಚೂರಿನಲ್ಲಿ ಕಲ್ಲಿದ್ದಲಿನ ಹಾರುಬೂದಿ ಉಸಿರಾಡುವವರೂ ಮನುಷ್ಯರೇ. ನನ್ನ ತಕರಾರು ಬೇರೆ. ಕೈಗಾ ಸುತ್ತಲಿನ ನೀರು, ಮೀನು, ಹಾಲಿನ ಮಾದರಿ ಪರೀಕ್ಷಿಸುವ ಪ್ರಯೋಗಾಲಯವೂ ಅಣುಶಕ್ತಿ ಇಲಾಖೆಯದೇ. ಪರೀಕ್ಷೆ ಬರೆದವರೇ ಪೇಪರ್ ತಿದ್ದಿದರೆ ನಾವು ಒಪ್ಪುತ್ತೇವಾ? ಸ್ಥಾವರಕ್ಕೆ ಸಂಬಂಧವಿಲ್ಲದ ವೈದ್ಯರು ಊರೂರಿನ ಆರೋಗ್ಯ ಸಮೀಕ್ಷೆ ಮಾಡಲಿ. ಫಲಿತಾಂಶ ಪ್ರತಿವರ್ಷ ಕನ್ನಡದಲ್ಲಿ ಪಂಚಾಯಿತಿಯ ಗೋಡೆ ಮೇಲೆ ಬರಲಿ. ಈ ಬೇಡಿಕೆ ಇಡಬೇಕಾದವರು ಹೆಚ್ಚು ಕರೆಂಟು ಉರಿಸುವ ನಾವು, ಬೆಂಗಳೂರಿನವರು. ಜಯನಗರದ ಅಂಗಡಿ ಸಾಲಿನ ದೀಪಗಳಡಿ ಓಡಾಡುವಾಗ ನಮಗೆ ಕಾಳಿ ನದಿ ನೆನಪಾಗುವುದೇ ಇಲ್ಲ.

ರೂಮ್‌ಮೇಟ್ ಮನೆಯಲ್ಲೇ ಒಮ್ಮತವಿಲ್ಲ. ಅಮ್ಮನಿಗೆ ಹೊಸ ಘಟಕವೆಂದರೆ ಭಯ. ಡಿಪ್ಲೊಮಾ ಮುಗಿಸಿ ಎರಡು ವರ್ಷ ಖಾಲಿ ಕೂತ ಅಣ್ಣನಿಗೆ ಅಲ್ಲೇ ಕೆಲಸ ಬೇಕು. ಅವನ ಅರ್ಜಿಯನ್ನು ಮೊನ್ನೆ ಲ್ಯಾಪ್‌ಟಾಪ್‌ನಲ್ಲಿ ತುಂಬಿದ್ದು ನಾವಿಬ್ಬರೇ, ಕರೆಂಟು ಬಂದ ಮೇಲೆ.